ಮಾರಿಸ್ ಮೈನರ್ ಬ್ರೇಕ್ ಪೈಪ್ ಸೋರಿಕೆ: ತಪ್ಪು ಇದ್ದದ್ದು ಸಿಲಿಂಡರಿನ ಥ್ರೆಡ್ಡಿನಲ್ಲಿ

ಇದು ಮಾರಿಸ್ ಮೈನರ್ ಎಂಬ ಹಳೆಯ ಬ್ರಿಟಿಷ್ ಕಾರಿನ ಮಾತು. ಹಿಂಬದಿ ಚಕ್ರದ ವೀಲ್ ಸಿಲಿಂಡರ್ (ಆಯಿಲ್ ಒತ್ತಡದಿಂದ ಬ್ರೇಕ್ ಶೂ ತಳ್ಳುವ ಭಾಗ) ಹೊಸದು, ಪೈಪೂ ಹೊಸದು. ಆದರೂ ಪೆಡಲ್ ಒತ್ತಿದರೆ ಜೋಡಣೆಯ ಹತ್ತಿರ ಬ್ರೇಕ್ ಆಯಿಲ್ ಜಿನುಗುತ್ತಿತ್ತು. ಪೈಪಿನ ತುದಿಯ ನಟ್ (ಇದರ ಥ್ರೆಡ್ ಹೊರಗಡೆ ಇರುತ್ತದೆ) ಬಿಚ್ಚಿ ಕ್ಯಾಲಿಪರ್‌ನಲ್ಲಿ ಅಳೆದಾಗ ಥ್ರೆಡ್ಡಿನ ಹೊರವ್ಯಾಸ 9.5 ಮಿ.ಮೀ. ಬಂತು. ಅಂದರೆ ಅದು 3/8 ಇಂಚಿನ ಯುಎನ್‌ಎಫ್ (ಇಂಚಿನ ಲೆಕ್ಕದ ಥ್ರೆಡ್ ಅಳತೆ), ಮೂಲ ಕಾರಿಗೆ ಸರಿಯಾದದ್ದೇ. ಬದಲಿಯಾಗಿ ಕೊಟ್ಟ ಸಿಲಿಂಡರಿನ ತೂತು ಮಾತ್ರ ಎಂ10 x 1 (ಮೆಟ್ರಿಕ್ ಥ್ರೆಡ್, 10 ಮಿ.ಮೀ. ವ್ಯಾಸದ್ದು).

ಇಲ್ಲಿರುವ ಅಪಾಯ ಸುಲಭಕ್ಕೆ ಕಣ್ಣಿಗೆ ಬೀಳುವುದಿಲ್ಲ. ಯುಎನ್‌ಎಫ್‌ನಲ್ಲಿ ಇಂಚಿಗೆ 24 ಸುತ್ತು, ಅಂದರೆ ಪಿಚ್ (ಸುತ್ತಿನಿಂದ ಸುತ್ತಿಗಿರುವ ಅಂತರ) 1.06 ಮಿ.ಮೀ. ಎಂ10ಕ್ಕೆ 1 ಮಿ.ಮೀ. ಎರಡೂ ಹತ್ತಿರವಿರುವುದರಿಂದ ಸಣ್ಣ ನಟ್ ದೊಡ್ಡ ತೂತಿನಲ್ಲಿ ಸಡಿಲವಾಗಿ ಹಿಡಿಯುತ್ತದೆ, ಬಿಗಿಯಾದಂತೆ ಅನ್ನಿಸುತ್ತದೆ. ಜೋರಾಗಿ ಬ್ರೇಕ್ ಹಾಕಿದಾಗ ಥ್ರೆಡ್ ಕಿತ್ತು ಬರಬಹುದು. ಟೆಫ್ಲಾನ್ ಟೇಪ್ ಸುತ್ತಬೇಡಿ. ಸೀಲ್ ಆಗುವುದು ಪೈಪಿನ ಅಗಲಿಸಿದ ತುದಿಯಾದ ಫ್ಲೇರ್‌ನಲ್ಲಿ, ಥ್ರೆಡ್ಡಿನಲ್ಲಿ ಅಲ್ಲ.

ಯುಎನ್‌ಎಫ್ ತೂತಿನ ಸಿಲಿಂಡರ್ ಹಾಕಿದ್ದೇ ಪರಿಹಾರ. ಹಾಳಾದ ಫ್ಲೇರ್ ಕತ್ತರಿಸಿ, ಮೊದಲು ಹೊಸ ನಟ್ ಪೋಣಿಸಿ (ಇದನ್ನು ಮರೆಯುವವರೇ ಹೆಚ್ಚು), 3/16 ಇಂಚಿನ ಕಾಪರ್-ನಿಕಲ್ ಪೈಪಿಗೆ ಹಳೆಯದರ ಆಕಾರದ್ದೇ ಫ್ಲೇರ್ ಮಾಡಬೇಕು. ನಟ್ಟನ್ನು ಬೆರಳಲ್ಲೇ ಪೂರ್ತಿ ತಿರುಗಿಸಿ, ಕೊನೆಗಷ್ಟೇ ಸ್ಪ್ಯಾನರ್ ಹಿಡಿಯಿರಿ. ಬ್ರೇಕ್ ಪೈಪಿನೊಳಗಿನ ಗಾಳಿ ತೆಗೆದ ಮೇಲೆ ಪೆಡಲನ್ನು ಒಂದು ನಿಮಿಷ ಬಲವಾಗಿ ಒತ್ತಿ ಹಿಡಿದು, ಜೋಡಣೆಯನ್ನು ಒಣ ಕಾಗದದಿಂದ ಒರೆಸಿ ನೋಡಿ.