ಕಸೂತಿ ಸೀರೆಗೆ ಇನ್‌ಸ್ಟಾಗ್ರಾಂ, ಖಡಕ್ ರೊಟ್ಟಿಗೆ ಗೂಗಲ್ ಮ್ಯಾಪ್

ಧಾರವಾಡದಲ್ಲಿ ನಾನು ಕಸೂತಿ ಸೀರೆ, ಬ್ಲೌಸ್ ಪೀಸ್ ಮಾರುತ್ತೇನೆ. ಆನ್‌ಲೈನ್ ಶುರು ಮಾಡಿದಾಗ ಫೇಸ್‌ಬುಕ್, ಇನ್‌ಸ್ಟಾಗ್ರಾಂ, ಯೂಟ್ಯೂಬ್, ಎಕ್ಸ್ (ಮೊದಲಿನ ಟ್ವಿಟರ್), ಪಿಂಟರೆಸ್ಟ್ ಎಲ್ಲದರಲ್ಲೂ ಖಾತೆ ತೆರೆದೆ. ಐದೂ ಕಡೆ ಒಂದೇ ಫೋಟೊ ಹಾಕಿದೆ. ರೇಟು ಕೇಳಿದವರಿಗೆ ಮೂರು ದಿನ ಬಿಟ್ಟು ಉತ್ತರ ಕೊಟ್ಟರೆ ಯಾರು ಕಾಯುತ್ತಾರೆ? ಅಷ್ಟರಲ್ಲಿ ಬೇರೆ ಕಡೆ ಸೀರೆ ತಗೊಂಡಿರುತ್ತಿದ್ದರು.

ಹಾಗಾಗಿ ಮೊದಲು ಆ್ಯಪ್ ಬೇಡ, ಒಂದು ನೋಟ್‌ಬುಕ್ ತಗೊಳ್ಳಿ. ಒಂದು ತಿಂಗಳು ಬಂದವರನ್ನೆಲ್ಲ ಕೇಳಿ: "ನಮ್ಮ ಅಂಗಡಿ ಹೆಂಗ ಗೊತ್ತಾತ್ರಿ? ಮೊಬೈಲ್‌ನಾಗ ದಿನಾ ಏನ್ ನೋಡ್ತೀರಿ?" ಅವರ ಊರು, ಅಂದಾಜು ವಯಸ್ಸು ಬರೆದಿಡಿ. ನನ್ನ ನೋಟ್‌ಬುಕ್‌ನಲ್ಲಿ ಎರಡು ಗುಂಪು ಕಂಡವು. ಬೆಂಗಳೂರು, ಪುಣೆಯಲ್ಲಿ ಕೆಲಸ ಮಾಡುವ ನಮ್ಮ ಊರಿನ ಹೆಣ್ಣುಮಕ್ಕಳು ಇನ್‌ಸ್ಟಾಗ್ರಾಂ ನೋಡುತ್ತಾರೆ. ಅವರ ತಾಯಂದಿರು ವಾಟ್ಸಾಪ್. ಎಕ್ಸ್ ಎಂದವರು ಒಬ್ಬರೂ ಇರಲಿಲ್ಲ. ಅವತ್ತೇ ಅದನ್ನು ಮುಚ್ಚಿದೆ.

ಆಮೇಲೆ ನಿಮ್ಮ ಮಾಲು ನೋಡಿ. ಅದನ್ನು ಕಣ್ಣಿಗೆ ತೋರಿಸಿ ಮಾರಬೇಕಾ? ಕಸೂತಿಯಲ್ಲಿ ಗವಂತಿ, ಮುರ್ಗಿ, ನೇಯ್ಗೆ, ಮೆಂತೆ ಅಂತ ನಾಲ್ಕು ಹೊಲಿಗೆ. ಗವಂತಿಯನ್ನು ಬಟ್ಟೆಯ ಎಳೆ ಎಣಿಸಿ ಹಾಕುತ್ತಾರೆ, ಗಂಟು ಇರುವುದಿಲ್ಲ. ಮುಂದೆ ಹೇಗೋ ಹಿಂದೆಯೂ ಹಾಗೇ ಕಾಣುತ್ತದೆ. ಇದು ಫೋಟೊದಲ್ಲಿ ಗೊತ್ತಾಗುವುದಿಲ್ಲ. ರೀಲ್‌ನಲ್ಲಿ ಸೆರಗನ್ನು ಮೆಲ್ಲಗೆ ಮಗುಚಿ ತೋರಿಸಿ. ಪ್ರಿಂಟ್ ಹಾಕಿದ ಬಟ್ಟೆಗೂ ಕೈಕೆಲಸಕ್ಕೂ ವ್ಯತ್ಯಾಸ ಅಲ್ಲೇ ಕಾಣುತ್ತದೆ, ತಿಂಗಳುಗಟ್ಟಲೆ ಕೂತು ಹೊಲಿದ ಹೆಣ್ಣುಮಗಳಿಗೂ ಬೆಲೆ ಸಿಗುತ್ತದೆ. ಬೆಳಗಿನ ಬೆಳಕಲ್ಲಿ ತೆಗೆಯಿರಿ, ಫಿಲ್ಟರ್ ಬೇಡ. ಬಣ್ಣ ಬೇರೆ ಕಂಡರೆ ಸೀರೆ ವಾಪಸ್ ಬರುತ್ತದೆ.

ಇನ್‌ಸ್ಟಾಗ್ರಾಂನಲ್ಲಿ ನೋಡುತ್ತಾರೆ, ಆದರೆ ವ್ಯಾಪಾರ ಕುದುರುವುದು ವಾಟ್ಸಾಪ್‌ನಲ್ಲಿ. ವಾಟ್ಸಾಪ್ ಬಿಸಿನೆಸ್ ಆ್ಯಪ್ ಉಚಿತ. ಕ್ಯಾಟಲಾಗ್‌ನಲ್ಲಿ ಫೋಟೊ, ಬೆಲೆ ಎರಡೂ ಹಾಕಿ. ಒಂದೇ ಸಂದೇಶ ಬಹಳ ಜನಕ್ಕೆ ಒಟ್ಟಿಗೆ ಕಳಿಸಲು ಬ್ರಾಡ್‌ಕಾಸ್ಟ್ ಲಿಸ್ಟ್ ಮಾಡಿದರೆ ನಿಮ್ಮ ನಂಬರ್ ಸೇವ್ ಮಾಡಿಕೊಂಡವರಿಗೆ ಮಾತ್ರ ಸಂದೇಶ ಹೋಗುತ್ತದೆ. ಇದು ಗೊತ್ತಿಲ್ಲದೆ ನಾನು ಬಹಳ ದಿನ ಸುಮ್ನೆ ಕಳಿಸುತ್ತಿದ್ದೆ. ಈಗ ಸೀರೆ ಮಡಚಿ ಕೊಡುವಾಗಲೇ "ನಂಬರ್ ಸೇವ್ ಮಾಡ್ಕೊಳ್ರಿ ಅಕ್ಕಾರ" ಎನ್ನುತ್ತೇನೆ.

ನಮ್ಮ ನಾದಿನಿ ಹುಬ್ಬಳ್ಳಿಯಲ್ಲಿ ಖಡಕ್ ರೊಟ್ಟಿ, ಶೇಂಗಾ ಹಿಂಡಿ ಮಾಡುತ್ತಾಳೆ. ನನ್ನ ನೋಡಿ ಅವಳೂ ರೀಲ್ ಮಾಡಿದಳು. ಲೈಕ್ ಬಂದವು, ರೊಟ್ಟಿ ಹೋಗಲಿಲ್ಲ. ಅವಳ ಗಿರಾಕಿಗಳು ಅಕ್ಕಪಕ್ಕದ ಓಣಿಯವರು, ಸಂಜೆ ಊಟಕ್ಕೆ ಬೇಕಾದವರು. ಅವರು ಹುಡುಕುವುದು ಗೂಗಲ್ ಮ್ಯಾಪ್‌ನಲ್ಲಿ. ಅಲ್ಲಿ ಅಂಗಡಿ ಹೆಸರು, ಸಮಯ, ಫೋನ್ ನಂಬರ್ ಹಾಕಿದಳು. ತಿಂದವರಿಂದ ಎರಡು ಸಾಲು ರಿವ್ಯೂ ಬರೆಸಿದಳು. ಬೆಳಗ್ಗೆ ರೊಟ್ಟಿ ಬುಟ್ಟಿಯ ಫೋಟೊ ವಾಟ್ಸಾಪ್ ಸ್ಟೇಟಸ್‌ಗೆ. ಅವಳಿಗೆ ಅಷ್ಟೇ ಸಾಕಾಯಿತು.

ಕಂಪನಿಗಳಿಗೆ ಸಗಟು ಮಾರುವವರು ಲಿಂಕ್ಡ್‌ಇನ್ (ಕಂಪನಿ, ಉದ್ಯೋಗದವರ ಜಾಲತಾಣ) ನೋಡಬಹುದು. ನಮ್ಮಂಥ ಸಣ್ಣ ಅಂಗಡಿಗೆ ಬೇಡ.

ಹೀಗೆ ನೋಡಿ ನಿಮಗೆ ಹೊಂದುವ ಎರಡನ್ನು ಮಾತ್ರ ಆರಿಸಿ, ಅವಕ್ಕೆ ಮೂರು ತಿಂಗಳು ಕೊಡಿ. ಲೈಕ್ ಎಣಿಸಬೇಡಿ, ಆರ್ಡರ್ ಎಣಿಸಿ. ಫಾಲೋವರ್ಸ್ ಜಾಸ್ತಿ ಮಾಡಿಕೊಡುತ್ತೇವೆ ಎಂದವರಿಗೆ ನಾನು ದುಡ್ಡು ಕೊಟ್ಟಿದ್ದೆ. ಬಂದವರಲ್ಲಿ ಒಬ್ಬರೂ ಒಂದು ಬ್ಲೌಸ್ ಪೀಸ್ ತಗೊಳ್ಳಲಿಲ್ಲ.

ಗಿರಾಕಿಗಳ ನಂಬರ್ ಮಾತ್ರ ನೋಟ್‌ಬುಕ್‌ನಲ್ಲೂ ಬರೆದಿಡಿ. 2020ರ ಜೂನ್‌ನಲ್ಲಿ ಟಿಕ್‌ಟಾಕ್ ನಿಷೇಧವಾದಾಗ, ಅದೊಂದನ್ನೇ ನಂಬಿದ್ದವರಿಗೆ ತಮ್ಮ ಗಿರಾಕಿಗಳನ್ನು ಮತ್ತೆ ಹುಡುಕಲು ದಾರಿಯೇ ಇರಲಿಲ್ಲ.