ಖಾಲಿ ಕಾಲಮ್ಮು ಮತ್ತು ಸೊನ್ನೆ: ಪಂಚ್ ಕಾರ್ಡುಗಳ ಕಾಲದ ನನ್ನ ಅನುಭವ

1970ರ ದಶಕದ ಆರಂಭದಲ್ಲಿ, ರಕ್ತದೊತ್ತಡ ಇಳಿಸುವ ಔಷಧವೊಂದರ ಪ್ರಯೋಗದ ಮಾಹಿತಿಯನ್ನು ಕಂಪ್ಯೂಟರಿಗೆ ಅಣಿಗೊಳಿಸುವ ಕೆಲಸ ನನ್ನ ಪಾಲಿಗೆ ಬಂತು. ರೋಗಿಗಳಲ್ಲಿ ಅರ್ಧದಷ್ಟು ಮಂದಿಗೆ ಔಷಧ, ಉಳಿದವರಿಗೆ ನೋಡಲು ಅದೇ ಥರದ, ಔಷಧವಿಲ್ಲದ ಮಾತ್ರೆ. ಪ್ರತಿ ಭೇಟಿಗೂ ವೈದ್ಯರು ಒಂದು ನಮೂನೆಯನ್ನು ತುಂಬಿ ಕಳುಹಿಸುತ್ತಿದ್ದರು. ಅದನ್ನು ಕೋಡಿಂಗ್ ಶೀಟಿಗೆ ಅಂಕಿಗಳಾಗಿ ಇಳಿಸಿ, ಆ ಅಂಕಿಗಳನ್ನು ಕಾರ್ಡಿನ ಮೇಲೆ ತೂತುಗಳಾಗಿಸುವುದು ನಮ್ಮ ಹೊಣೆಯಾಗಿತ್ತು.

ಒಂದು ಕಾರ್ಡಿನಲ್ಲಿ 80 ಕಾಲಮ್ಮುಗಳು, ಪ್ರತಿ ಕಾಲಮ್ಮಿನಲ್ಲಿ ತೂತು ಬೀಳಬಹುದಾದ 12 ಸ್ಥಾನಗಳು. ಒಂದು ಭೇಟಿಯ ವಿವರಗಳಿಗೆ ಎರಡು ಕಾರ್ಡುಗಳು ಬೇಕಾಗುತ್ತಿದ್ದುದರಿಂದ ರೋಗಿಯ ಸಂಖ್ಯೆ, ಭೇಟಿಯ ಸಂಖ್ಯೆ ಮತ್ತು ಕಾರ್ಡಿನ ಕ್ರಮಾಂಕ ಇವು ಮೂರನ್ನೂ ಪ್ರತಿ ಕಾರ್ಡಿನ ಆರಂಭದಲ್ಲೇ ಪಂಚ್ ಮಾಡುತ್ತಿದ್ದೆವು. ಕಾರ್ಡುಗಳ ಕಟ್ಟಿನ ಮೇಲಂಚಿಗೆ ಮಾರ್ಕರ್‌ನಿಂದ ಓರೆಗೆರೆಯೊಂದನ್ನು ಎಳೆದಿಡುವ ಅಭ್ಯಾಸವೂ ಇತ್ತು. ಒಂದು ಕಾರ್ಡು ಸ್ಥಾನ ತಪ್ಪಿದರೂ ಗೆರೆ ಮುರಿದು ಕಣ್ಣಿಗೆ ಬೀಳುತ್ತಿತ್ತು. ಕಟ್ಟು ಕೈಜಾರಿ ನೆಲದ ಮೇಲೆಲ್ಲ ಹರಡಿಕೊಂಡ ಎರಡು ಸಂದರ್ಭಗಳಲ್ಲಿ ನಮ್ಮನ್ನು ಕಾಪಾಡಿದ್ದು ಈ ಗೆರೆ ಮತ್ತು ಆ ಸಂಖ್ಯೆಗಳೇ.

ಐಬಿಎಂ 029 ಯಂತ್ರದಲ್ಲಿ ಒಬ್ಬರು ಪಂಚ್ ಮಾಡಿದ ಕಾರ್ಡನ್ನು 059 ವೆರಿಫೈಯರಿಗೆ ಹಾಕಿ, ಇನ್ನೊಬ್ಬರು ಅದೇ ಶೀಟನ್ನು ನೋಡಿಕೊಂಡು ಮತ್ತೆ ಕೀಲಿ ಒತ್ತುತ್ತಿದ್ದರು. ಎರಡೂ ತಾಳೆಯಾದರೆ ಕಾರ್ಡಿನ ಬಲ ಅಂಚಿನಲ್ಲಿ ಒಂದು ಕಚ್ಚು ಬೀಳುತ್ತಿತ್ತು, ತಾಳೆಯಾಗದಿದ್ದರೆ ತಪ್ಪಿರುವ ಕಾಲಮ್ಮಿನ ಮೇಲೆಯೇ ಬೀಳುತ್ತಿತ್ತು. ಈ ವ್ಯವಸ್ಥೆಯನ್ನು ನಾನು ಅತಿಯಾಗಿಯೇ ನಂಬಿದ್ದೆನೆಂದು ಈಗ ಅನಿಸುತ್ತದೆ, ಏಕೆಂದರೆ ಬೆರಳಿನ ತಪ್ಪನ್ನು ಹಿಡಿಯುವ ಯಂತ್ರಕ್ಕೆ ಶೀಟಿನಲ್ಲೇ ಇರುವ ತಪ್ಪು ಕಾಣುವುದಿಲ್ಲ.

ಮೊದಲ ಪ್ರಿಂಟೌಟ್ ಬಂದಾಗ ಔಷಧದ ಗುಂಪಿನ ಡಯಾಸ್ಟಾಲಿಕ್ ಒತ್ತಡದ (ರಕ್ತದೊತ್ತಡದ ಎರಡು ಅಂಕಿಗಳಲ್ಲಿ ಕೆಳಗಿನದರ) ಸರಾಸರಿ ಬಹಳ ಚೆನ್ನಾಗಿ ಇಳಿದಿತ್ತು. ಹಿರಿಯ ವೈದ್ಯರಿಗೆ ಸಂತೋಷವಾಯಿತು. ನನಗೆ ಮಾತ್ರ, ಅಷ್ಟೊಂದು ಇಳಿದಿದ್ದರೆ ನಮೂನೆಗಳನ್ನು ತಿರುವಿಹಾಕುವಾಗಲೇ ಗೊತ್ತಾಗಬೇಕಿತ್ತಲ್ಲ ಎಂಬ ಅನುಮಾನ. ಕಾರಣ ಹುಡುಕಲು ಕಂಪ್ಯೂಟರಿಗೆ ಇನ್ನೊಂದು ಪ್ರೋಗ್ರಾಂ ಕೊಟ್ಟರೆ ಉತ್ತರಕ್ಕೆ ಮರುದಿನದವರೆಗೆ ಕಾಯಬೇಕಿತ್ತು. ಹಾಗಾಗಿ ಕಟ್ಟನ್ನು ಐಬಿಎಂ 083 ಸಾರ್ಟರಿಗೆ ಒಯ್ದು, ಒತ್ತಡದ ಹತ್ತರ ಸ್ಥಾನದ ಕಾಲಮ್ಮಿನ ಮೇಲೆ ಓಡಿಸಿದೆ. ನಿಮಿಷಕ್ಕೆ 1000 ಕಾರ್ಡುಗಳನ್ನು ವಿಂಗಡಿಸುವ ಆ ಯಂತ್ರಕ್ಕೆ 13 ಜೇಬುಗಳು. ಹನ್ನೆರಡು ತೂತಿನ ಸ್ಥಾನಗಳಿಗೆ, ಹದಿಮೂರನೆಯದು ಯಾವ ತೂತೂ ಇಲ್ಲದ ಕಾರ್ಡುಗಳಿಗೆ. 105 ಎಂದಿದ್ದ ಕಾರ್ಡು ಸೊನ್ನೆಯ ಜೇಬಿಗೆ ಬಿತ್ತು, ಖಾಲಿ ಬಿಟ್ಟ ಕಾರ್ಡು ಹದಿಮೂರನೆಯದಕ್ಕೆ ಬಿತ್ತು. ಆ ಹದಿಮೂರನೆಯ ಜೇಬಿನಲ್ಲಿ ಸಣ್ಣದೊಂದು ಕಟ್ಟೇ ಸೇರಿತ್ತು.

ಅಲ್ಲಿಗೆ ಗುಟ್ಟು ಬಯಲಾಯಿತು. ನಾವು ಬಳಸುತ್ತಿದ್ದ ಫೋರ್ಟ್ರಾನ್ ಎಂಬ ಪ್ರೋಗ್ರಾಮಿಂಗ್ ಭಾಷೆ ಖಾಲಿ ಕಾಲಮ್ಮನ್ನು ಸೊನ್ನೆಯೆಂದೇ ಓದುತ್ತಿತ್ತು. ಹತ್ತು ಮಂದಿಯಲ್ಲಿ ಒಂಬತ್ತು ಮಂದಿಯ ಒತ್ತಡ 90 ಇದ್ದು ಹತ್ತನೆಯವರದು ಖಾಲಿಯಿದ್ದರೆ ಸರಾಸರಿ 81 ಎಂದು ಅಚ್ಚಾಗುತ್ತದೆ. ಮೂರು ಕಾಲಮ್ಮಿನ ಜಾಗದಲ್ಲಿ 85ನ್ನು ಎಡಕ್ಕೆ ಒತ್ತಿ ಪಂಚ್ ಮಾಡಿದರೆ ಅದು 850 ಆಗುತ್ತಿತ್ತೆಂಬುದು ನಮಗೆ ತಿಳಿದಿತ್ತು. ಪೂರ್ತಿ ಖಾಲಿ ಬಿಟ್ಟರೆ ಆಗುವುದೂ ಅದರದೇ ಇನ್ನೊಂದು ರೂಪವೆಂದು ಏಕೋ ಹೊಳೆದಿರಲಿಲ್ಲ. ಅದಕ್ಕಿಂತ ಕಳವಳದ ಸಂಗತಿಯೆಂದರೆ, ಆ ಕಾರ್ಡುಗಳಲ್ಲಿ ಹೆಚ್ಚಿನವು ಔಷಧದ ಗುಂಪಿನವು. ತಲೆಸುತ್ತು ತಾಳಲಾರದೆ ಭೇಟಿ ತಪ್ಪಿಸಿದವರ ಖಾಲಿ ಜಾಗಗಳೇ ಔಷಧದ ಗುಣವಾಗಿ ಲೆಕ್ಕಕ್ಕೆ ಬಂದಿದ್ದವು.

ಕೋಡಿಂಗ್ ಶೀಟಿನಲ್ಲಿ ಯಾವ ಚೌಕವನ್ನೂ ಖಾಲಿ ಬಿಡಬಾರದೆಂದು ಅಂದೇ ನಿಯಮ ಮಾಡಿದೆವು: ರೋಗಿ ಬಾರದಿದ್ದರೆ 999, ಬಂದರೂ ಒತ್ತಡ ಅಳೆಯದಿದ್ದರೆ 998. ಈ ಎರಡನ್ನು ಬೇರೆ ಮಾಡಿದ್ದು ನನ್ನ ಹಠ. ಎಷ್ಟು ಮಂದಿ ಬರಲಿಲ್ಲ ಎಂಬುದು ಆ ಪ್ರಯೋಗದಲ್ಲಿ ಒತ್ತಡದಷ್ಟೇ ಮುಖ್ಯವಾದ ಅಂಕಿ ಎಂದು ನನಗೆ ಅನಿಸಿತ್ತು. ಹಳೆಯ ಕಾರ್ಡುಗಳನ್ನು ನಮೂನೆಗಳೊಂದಿಗೆ ಒಂದೊಂದಾಗಿ ತಾಳೆ ನೋಡಿ ಮತ್ತೆ ಪಂಚ್ ಮಾಡಿಸಿದೆವು.

ಮುಂದಿನ ಸಲ ಪ್ರೋಗ್ರಾಮಿನಲ್ಲಿ 999ನ್ನು ಹೊರಗಿಡುವ ಸಾಲನ್ನೇ ಸೇರಿಸಲು ಮರೆತೆ. ಒಂದು ಭೇಟಿಯ ಸರಾಸರಿ 180 ದಾಟಿತ್ತು. ಪ್ರಿಂಟೌಟ್ ಕೈಗಿತ್ತ ಆಪರೇಟರೇ ನಕ್ಕುಬಿಟ್ಟ. ಆ ಒಂದು ಸಾಲಿನ ಕಾರ್ಡನ್ನು ಅಲ್ಲೇ ಪಂಚ್ ಮಾಡಿ ಕಟ್ಟಿಗೆ ಸೇರಿಸಿ ಮತ್ತೆ ಅವನ ಕೈಗೆ ಕೊಟ್ಟೆ.