ರಾಕ್ಷಸನ ಮನೆಯಲ್ಲೂ ಬಿಸಿನೀರು ಬರಬೇಕು

ನಮ್ಮದು ಮೂಡಿಗೆರೆ ಕಡೆಯ ಕಾಫಿ ತೋಟ. ತೋಟದ ಮೇಲಿನ ಗುಡ್ಡದಲ್ಲಿ ಮೂರು ಕಾಟೇಜು ಕಟ್ಟಿ, ಅಜ್ಜಿಕಥೆಯ ಹೋಮ್‌ಸ್ಟೇ ಅಂತ ನಡೆಸುತ್ತಿದ್ದೇವೆ. ಗುಬ್ಬಕ್ಕನ ಮನೆ, ಕಾಗಕ್ಕನ ಮನೆ, ರಾಕ್ಷಸನ ಮನೆ. ಇಂಥದ್ದೇ ಏನಾದರೂ ಮಾಡಬೇಕು ಅಂತಿರುವವರು ಫೋನ್ ಮಾಡಿ ವಿಚಾರಿಸುತ್ತಾರೆ. ಅವರಿಗೆ ಹೇಳುವುದನ್ನೇ ಇಲ್ಲಿ ಬರೆದಿದ್ದೇನೆ.

ಥೀಮ್ ಅಂದ ಕೂಡಲೇ ಎಲ್ಲರಿಗೂ ನೆನಪಾಗುವುದು ಫೈಬರ್ ಗೊಂಬೆ. ಕೆಂಪು ಅಣಬೆ, ಡ್ರ್ಯಾಗನ್, ಗೇಟಿನ ಹತ್ತಿರ ಗಡ್ಡದ ಮಂತ್ರವಾದಿ. ಬಯಲುಸೀಮೆಯಲ್ಲಿ ಅವು ಬಾಳಬಹುದು. ನಮ್ಮಲ್ಲಿ ಮಳೆಯನ್ನು ಇಂಚಿನಲ್ಲಿ ಎಣಿಸುತ್ತಾರೆ, 100 ಇಂಚು ದಾಟಿದರೂ ಯಾರೂ ಅದನ್ನು ಸುದ್ದಿ ಮಾಡುವುದಿಲ್ಲ. ಮಳೆಗಾಲದಲ್ಲಿ ಬೀರುವಿನೊಳಗಿಟ್ಟ ಬೆಲ್ಟಿಗೂ ಬೂಷ್ಟು ಹಿಡಿಯುತ್ತದೆ. ಪಿಒಪಿ ಉಬ್ಬಿ ಉದುರುತ್ತದೆ, ಪೇಂಟು ಏಳುತ್ತದೆ. ಮಳೆ ಹಾಳು ಮಾಡುವ ವಸ್ತುವನ್ನು ತರಲೇಬಾರದು, ಮಳೆ ಬಿದ್ದಷ್ಟೂ ಚೆಂದ ಕಾಣುವುದನ್ನು ಮಾತ್ರ ಇಡಬೇಕು. ಗುಬ್ಬಕ್ಕನ ಮನೆಯ ಸೈಜುಗಲ್ಲಿನ ಗೋಡೆಗೆ ನಾವು ಒಂದು ಗಿಡವನ್ನೂ ನೆಟ್ಟಿಲ್ಲ. ಪಾಚಿ ತಾನಾಗಿ ಬಂತು, ಆಮೇಲೆ ಜರಿಗಿಡ, ಸಂದಿಯಲ್ಲಿ ಒಂದು ಸೀತಾಳೆ. ಗೆಸ್ಟುಗಳು ಯಾವ ಡಿಸೈನರ್ ಕೈಲಿ ಮಾಡಿಸಿದ್ದು ಅಂತ ಕೇಳುತ್ತಾರೆ!

ಕಥೆ ಗೊತ್ತಲ್ವಾ? ಗುಬ್ಬಕ್ಕನದು ಕಲ್ಲಿನ ಮನೆ, ಕಾಗಕ್ಕನದು ಮಣ್ಣಿನ ಮನೆ. ಜೋರು ಮಳೆ ಬಂದು ಕಾಗಕ್ಕನ ಮನೆ ಕರಗಿ ಹೋಗುತ್ತದೆ. ಗುಬ್ಬಕ್ಕನ ಬಾಗಿಲು ತಟ್ಟಿದರೆ, ತಾಳು, ಮಗುವಿಗೆ ಎಣ್ಣೆ ಹಚ್ತಿದ್ದೀನಿ, ತಾಳು, ನೀರು ಹಾಕ್ತಿದ್ದೀನಿ ಅಂತ ಕಾಯಿಸುತ್ತದೆ. ಹಾಗಾಗಿ ಮಣ್ಣಿನ ಕಾಟೇಜು ಬುಕ್ ಮಾಡಿದವರು ಮೊದಲು ಕೇಳುವುದು, "ಮೇಡಂ, ರಾತ್ರಿ ಕರಗಲ್ಲ ತಾನೇ?" ಕರಗದ ಹಾಗೆ ಕಟ್ಟಿದ್ದೇವೆ. ಕೆಳಗೆ ಎರಡಡಿ ಕಲ್ಲಿನ ಕಟ್ಟು, ಮೇಲೆ ಹೆಂಚಿನ ಸೂರನ್ನು ನಾಲ್ಕಡಿ ಮುಂದಕ್ಕೆ ಇಳಿಸಿದ್ದೇವೆ. ಗಾಳಿಮಳೆ ಬರುವ ಪಡುವಣ ಗೋಡೆಗೆ ಮೇ ಕೊನೆಯಲ್ಲೇ ಅಡಿಕೆ ಸೋಗೆಯ ತಟ್ಟಿ ಕಟ್ಟುತ್ತೇವೆ. ಮಲೆನಾಡಿನ ಹಳೆಯ ಮನೆಗಳಿಗೆಲ್ಲ ಎರಚಲು ತಡೆಯಲು ಹೀಗೇ ಕಟ್ಟುತ್ತಿದ್ದರು. ಆ ಸೋಗೆಯಿಂದಾಗಿಯೇ ಮಳೆಗಾಲದಲ್ಲಿ ಆ ಮನೆ ನಿಜವಾಗಿ ಕಾಗೆಗೂಡು ಕಾಣುತ್ತದೆ. ದುಡ್ಡು ಕೊಟ್ಟು ಮಾಡಿಸಿದ್ದರೆ ಅಷ್ಟು ಚೆನ್ನಾಗಿ ಬರುತ್ತಿರಲಿಲ್ಲ.

ರಾಕ್ಷಸನ ಮನೆಯೇ ಜಾಸ್ತಿ ಓಡುವುದು. ಅಲ್ಲಿ ಎಲ್ಲ ದೊಡ್ಡದು. ಒಂಬತ್ತಡಿ ಬಾಗಿಲು, ಅಗುಳಿ ತೆಗೆಯಲು ಎರಡು ಕೈ ಬೇಕು. ಕುರ್ಚಿಯ ಮೇಲೆ ಕೂತರೆ ದೊಡ್ಡವರ ಕಾಲೂ ನೆಲಕ್ಕೆ ಎಟುಕುವುದಿಲ್ಲ. ಮಕ್ಕಳಿಗೆ ಅಂತ ಮಾಡಿಸಿದ್ದು, ಆದರೆ ಆ ಕುರ್ಚಿಯಿಂದ ಏಳದವರು ಅಪ್ಪಂದಿರು. ಐವತ್ತು ದಾಟಿದ ಗಂಡಸರು ಕಾಲು ಆಡಿಸಿಕೊಂಡು ಕಾಫಿ ಕುಡಿಯುವುದನ್ನು ನೋಡಬೇಕು. ಮಂಚಕ್ಕೆ ಏಣಿ ಹತ್ತಬೇಕು. ಹಾಗಾಗಿ ಸುತ್ತ ಕಟಕಟೆ ಕೊಟ್ಟಿದ್ದೇವೆ, ಕೆಳಗೆ ಎಳೆದುಕೊಳ್ಳುವ ಚಿಕ್ಕ ಮಂಚವೂ ಇದೆ. ಚಿಕ್ಕ ಮಕ್ಕಳಿಗೆ ರಾತ್ರಿ ಮೇಲಿನ ಮಂಚ ಕೊಡುವುದೇ ಇಲ್ಲ. ಹಟ ಮಾಡುತ್ತವೆ, ಮಾಡಲಿ.

ರಾಕ್ಷಸನ ಪ್ರಾಣ ಗಿಳಿಯಲ್ಲಿ ಇರಬೇಕಲ್ವಾ? ಮರದ ಗಿಳಿಯೊಂದನ್ನು ತೋಟದಲ್ಲಿ ಎಲ್ಲೋ ಬಚ್ಚಿಟ್ಟು, ಬಂದ ಕೂಡಲೇ ಮಕ್ಕಳ ಕೈಗೆ ಬಟ್ಟೆಯ ಮೇಲೆ ಬರೆದ ನಕ್ಷೆ ಕೊಡುತ್ತೇವೆ. ಏಳು ಸಮುದ್ರ ಅಂದರೆ ತೋಟದ ಏಳು ಗುಂಡಿ, ತೊಟ್ಟಿ, ಹಳ್ಳ. ಮೆಣಸಿನ ಬಳ್ಳಿ ಹಬ್ಬಿದ ಸಿಲ್ವರ್ ಓಕ್ ಮರಗಳ ಮಧ್ಯೆ ದಾರಿ. ಒಂದು ಕಿವಿಮಾತು: ನಕ್ಷೆ ತೀರಾ ಸುಲಭ ಇರಬಾರದು, ಆದರೆ ಹಳ್ಳದ ಅಂಚಿಗೆ ಯಾವತ್ತೂ ಕರೆದೊಯ್ಯಬಾರದು. ಜೊತೆಗೆ ನಮ್ಮವರೊಬ್ಬರು ಇದ್ದೇ ಇರುತ್ತಾರೆ.

ನಮ್ಮ ಜಾಗದ ನಿಜವಾದ ಬಂಡವಾಳ ಮಾತ್ರ ಕಾಟೇಜುಗಳಲ್ಲ, ನಮ್ಮ ಅತ್ತೆ. ಊಟ ಆದ ಮೇಲೆ ಒಲೆ ಮುಂದೆ ಕೂತು ಕಥೆ ಹೇಳುತ್ತಾರೆ. ಲೈಟು ಆರಿಸುತ್ತೇವೆ. ಅವರದೊಂದೇ ಕಟ್ಟಳೆ, ಕೇಳುವವರು "ಹೂಂ" ಅನ್ನುತ್ತಿರಬೇಕು. ಹೂಂ ನಿಂತರೆ ಕಥೆಯೂ ನಿಂತಿತು. ಒಂದು ಸಲ ಪುಣೆಯಿಂದ ಬಂದ ಹುಡುಗಿಗೆ ಕನ್ನಡ ಒಂದಕ್ಷರ ಬರುತ್ತಿರಲಿಲ್ಲ. ಅತ್ತೆಗೆ ಬೇರೆ ಭಾಷೆ ಬರುವುದಿಲ್ಲ. ನನ್ನ ಮಗಳು ಪಕ್ಕದಲ್ಲಿ ಕೂತು ಪಿಸುಗುಟ್ಟಿ ಅರ್ಥ ಹೇಳುತ್ತಿದ್ದಳು. ಸ್ವಲ್ಪ ಹೊತ್ತಿಗೆ ಆ ಹುಡುಗಿ ಅದನ್ನೂ ಕೇಳುವುದು ಬಿಟ್ಟು ಅತ್ತೆಯ ಕೈಯನ್ನೇ ನೋಡುತ್ತಾ ಸರಿಯಾದ ಜಾಗದಲ್ಲಿ ಹೂಂ ಹಾಕತೊಡಗಿದಳು. ಪಕ್ಕದಲ್ಲಿ ಅವರಪ್ಪ ಗೊರಕೆ. ಅತ್ತೆ ಗಿಳಿಯ ಕತ್ತಿಗೆ ಕೈ ಹಾಕುವ ಕಡೆ ಕಥೆ ನಿಲ್ಲಿಸಿ, "ಉಳಿದಿದ್ದು ಬೆಳಿಗ್ಗೆ ಕಡುಬು ತಿಂದ ಮೇಲೆ" ಅಂದುಬಿಟ್ಟರು. ಇದು ಅವರು ದಿನಾ ಮಾಡುವ ಕೆಲಸ. ಬೆಳಿಗ್ಗೆ ಏಳೂವರೆಗೆ ಯಾರನ್ನೂ ಎಬ್ಬಿಸಬೇಕಾಗಿಲ್ಲ, ಮಕ್ಕಳೇ ಅಡುಗೆಮನೆ ಬಾಗಿಲಲ್ಲಿರುತ್ತವೆ.

ಕತ್ತಲೆಯ ಬಗ್ಗೆ ಜಗಳ ಆಡಬೇಕಾಗುತ್ತದೆ. ಮರಕ್ಕೆಲ್ಲ ಸೀರಿಯಲ್ ಸೆಟ್ ಹಾಕಿ, ಫೋಟೋ ಚೆನ್ನಾಗಿ ಬರುತ್ತೆ ಅನ್ನುವವರೇ ಎಲ್ಲ. ಮೇ ಕೊನೆಯಲ್ಲಿ, ಮುಂಗಾರು ಹಿಡಿಯುವ ಮುಂಚೆ ಬಂದವರಿಗೆ ಹೊರಗಿನ ದೀಪ ಪೂರ್ತಿ ಆರಿಸಿ ಜಗಲಿಯಲ್ಲಿ ಕೂರಿಸುತ್ತೇನೆ. ಕಣ್ಣು ಕತ್ತಲೆಗೆ ಒಗ್ಗಲು ಹತ್ತು ಹದಿನೈದು ನಿಮಿಷ ಬೇಕು, ಮಧ್ಯೆ ಒಬ್ಬರು ಮೊಬೈಲ್ ತೆಗೆದರೂ ಮತ್ತೆ ಮೊದಲಿಂದ. ಆಮೇಲೆ ಮಿಂಚುಹುಳ ಕಾಣುತ್ತವೆ. ಒಂದು ಮರದಲ್ಲಿ ಒಟ್ಟಿಗೆ ಹತ್ತಿ ಒಟ್ಟಿಗೆ ಆರುತ್ತವೆ. ಜುಲೈ, ಆಗಸ್ಟಿನಲ್ಲಿ ಕೆಲವು ಸಲ ಕೊಳೆತ ಕೊರಡಿನ ಮೇಲೆ ಹಸಿರು ಬೆಳಕು ಬರುತ್ತದೆ. ಮರ ಕೊಳೆಸುವ ಒಂದು ಜಾತಿಯ ಬೂಷ್ಟಿನ ಕೆಲಸ ಅದು. ಸಿಕ್ಕರೆ ತೋರಿಸುತ್ತೇವೆ, ಸಿಗುತ್ತೆ ಅಂತ ಮಾತು ಮಾತ್ರ ಕೊಡುವುದಿಲ್ಲ. ಹೂಮಳೆ ಬಿದ್ದು ಸುಮಾರು ಒಂಬತ್ತು ಹತ್ತು ದಿನಕ್ಕೆ ಕಾಫಿ ಹೂ ಅರಳುವುದೂ ಹಾಗೇ. ಇಡೀ ತೋಟ ಬೆಳ್ಳಗೆ, ಮಲ್ಲಿಗೆಯ ವಾಸನೆ, ಎರಡು ಮೂರು ದಿನದಲ್ಲಿ ಮುಗಿಯಿತು. ತಾರೀಖು ಕೇಳಿ ಬುಕ್ ಮಾಡುವವರಿಗೆ ಮೋಡವನ್ನು ಕೇಳಿ ಅನ್ನುತ್ತೇನೆ.

ಉಂಬಳದ, ಅಂದರೆ ರಕ್ತ ಹೀರುವ ಜಿಗಣೆಯ ವಿಷಯ ಬುಕಿಂಗ್ ಹೊತ್ತಿಗೇ ಹೇಳಿಬಿಡುವುದು ವಾಸಿ. ಮಳೆಗಾಲದಲ್ಲಿ ಗುಡ್ಡ ಹತ್ತಿದರೆ ಕಾಲಿಗೆ ಹತ್ತುತ್ತವೆ, ಉದ್ದ ಕಾಲುಚೀಲ, ನಶ್ಯದ ಪುಡಿ, ಉಪ್ಪಿನ ಗಂಟು ಎಲ್ಲ ಕೊಟ್ಟರೂ ಒಂದೆರಡು ಹತ್ತೇ ಹತ್ತುತ್ತವೆ. ಅದನ್ನೂ ಅತ್ತೆಯೇ ಬಗೆಹರಿಸಿದರು. ರಾಕ್ಷಸನ ರಾಜ್ಯಕ್ಕೆ ಕಾಲಿಟ್ಟವರು ಸುಂಕ ಕಟ್ಟಬೇಕು, ಉಂಬಳ ಸುಂಕದವನು ಅಂದರು. ಈಗ ಕಿರುಚುವುದು ಅಮ್ಮಂದಿರು ಮಾತ್ರ. ಮಕ್ಕಳು ಯಾರು ಎಷ್ಟು ಸುಂಕ ಕಟ್ಟಿದರು ಅಂತ ಲೆಕ್ಕ ಹಾಕುತ್ತವೆ.

ಹಾಗಂತ ಎಲ್ಲದಕ್ಕೂ ಕಥೆ ಕಟ್ಟಿ ಜಾರಿಕೊಳ್ಳುವ ಹಾಗಿಲ್ಲ. ಮಳೆಗಾಲದಲ್ಲಿ ಕರೆಂಟು ಹೋದರೆ ಯಾವಾಗ ಬರುತ್ತದೋ ಗೊತ್ತಿಲ್ಲ. ಗೀಸರ್ ನಂಬಿ ಕೂರುವ ಬದಲು ಬಚ್ಚಲ ಒಲೆ ಹಾಕಿ ತಾಮ್ರದ ಹಂಡೆ ಹೂಡಿದ್ದೇವೆ. ರಿವ್ಯೂ ತೆಗೆದು ನೋಡಿ, ಗಿಳಿ, ನಕ್ಷೆ ಎಲ್ಲಕ್ಕಿಂತ ಹೆಚ್ಚು ಬರೆದಿರುವುದು ಬಿಸಿನೀರು ಮತ್ತು ಕಡುಬಿನ ಬಗ್ಗೆ. ಊಟಕ್ಕೆ ವಿಚಿತ್ರ ಹೆಸರನ್ನೂ ಇಡಲಿಲ್ಲ. ಅಕ್ಕಿರೊಟ್ಟಿ ಅಕ್ಕಿರೊಟ್ಟಿಯೇ, ಪತ್ರೊಡೆ ಪತ್ರೊಡೆಯೇ.

ಎರಡು ವಿಷಯಕ್ಕೆ ಖಂಡಿತ ಇಲ್ಲ ಅನ್ನುತ್ತೇವೆ. ಈಗೀಗ ಸಿನಿಮಾ ನೋಡಿ ಬಂದವರು, ದೈವದ ವೇಷ ಹಾಕಿಸಿ, ಕ್ಯಾಂಪ್‌ಫೈರ್ ಹತ್ತಿರ ಕುಣಿಸಿ ಅನ್ನುತ್ತಾರೆ. ಎಷ್ಟು ಕೊಟ್ಟರೂ ಆಗುವುದಿಲ್ಲ. ಜನ ಹರಕೆ ಹೊತ್ತು ನಂಬಿದ್ದನ್ನು ನಾನು ಪ್ಯಾಕೇಜಿನಲ್ಲಿ ಸೇರಿಸಲಾರೆ. ರಾಕ್ಷಸ, ಗುಬ್ಬಿ, ಕಾಗೆಗಳ ತಂಟೆಗೆ ಯಾರೂ ಬರುವುದಿಲ್ಲ, ಅವು ಸಾಕು.

ಇನ್ನೊಂದು ಆನೆ. ನಮ್ಮ ಭಾಗದಲ್ಲಿ ಕಾಡಾನೆ ತೋಟಕ್ಕೆ ಇಳಿಯುವುದು ಹೊಸದಲ್ಲ, ಜನ ಸತ್ತಿದ್ದಾರೆ. ಆನೆ ಹತ್ತಿರದಲ್ಲಿದೆ ಅಂತ ಊರಿನ ಗ್ರೂಪಿನಲ್ಲಿ ಮೆಸೇಜ್ ಬಂದರೆ ಅವತ್ತು ಗಿಳಿಯೂ ಇಲ್ಲ, ಮಿಂಚುಹುಳವೂ ಇಲ್ಲ. ಎಲ್ಲರೂ ಒಳಗೆ. ಒಬ್ಬರು, "ಫ್ಯಾಂಟಸಿ ಅಂತ ದುಡ್ಡು ತಗೊಂಡು ರೂಮಲ್ಲಿ ಕೂಡಿ ಹಾಕ್ತೀರಾ" ಅಂತ ರೇಗಿದರು. ಬೆಳಿಗ್ಗೆ ಅಂಗಳದಾಚೆ ಬುಡ ಸೀಳಿ ಬಿದ್ದಿದ್ದ ಬಾಳೆ, ನೀರು ನಿಂತ ಹೆಜ್ಜೆಗುರುತು ತೋರಿಸಿದೆ. ಮಾತಾಡಲಿಲ್ಲ. ಆದರೂ ಆ ರಾತ್ರಿಯ ಬಾಡಿಗೆಯಲ್ಲಿ ಸ್ವಲ್ಪ ಬಿಟ್ಟುಕೊಟ್ಟೆವು. ಹೀಗಾಗುವ ದಿನಕ್ಕೆ ಒಳಗೆ ಆಡಲು ಚೌಕಾಬಾರ, ಅಳಗುಳಿ ಮಣೆ ಇಟ್ಟಿರಬೇಕು.

ಈಗ ಮಕ್ಕಳು ಕೀಲುಕುದುರೆ ಬೇಕು ಅಂತ ಚೀಟಿ ಬರೆದಿಟ್ಟು ಹೋಗುತ್ತಿದ್ದಾರೆ. ನಮ್ಮ ಯಜಮಾನರಿಗೆ ಖರ್ಚಿನ ಚಿಂತೆ. ಹಲಸಿನ ಮರದಲ್ಲಿ ಮಾಡಿದರೆ ಹುಳ ಹಿಡಿಯಲ್ಲ ಅಂತ ಆಚಾರರು ಬಂದು ಅಳತೆ ತೆಗೆದುಕೊಂಡು ಹೋಗಿದ್ದಾರೆ. ಕೊಯ್ಲು ಮುಗಿದ ಮೇಲೆ ಕೆಲಸ ಶುರು.